ಲಿಂಫೋಮಾ ಸಂಶೋಧನೆಗೆ ಇಳಿಯುವ ಯುವ ವೈದ್ಯರಿಗೆ

ಹೆಚ್ಚಾಗಿ ದುಗ್ಧಗ್ರಂಥಿಗಳಲ್ಲಿ ಕಾಣಿಸುವ ಕ್ಯಾನ್ಸರ್ ಆದ ಲಿಂಫೋಮಾದ ತಜ್ಞರಾಗಲು ನಮ್ಮ ದೇಶದಲ್ಲಿರುವ ದಾರಿ ದೀರ್ಘವಾದರೂ ಸ್ಪಷ್ಟವಾಗಿದೆ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷಗಳ ಎಂಬಿಬಿಎಸ್, 3 ವರ್ಷಗಳ ಎಂಡಿ, ಬಳಿಕ ಸೂಪರ್ ಸ್ಪೆಷಾಲಿಟಿ ಪ್ರವೇಶ ಪರೀಕ್ಷೆಯಾದ ನೀಟ್ ಎಸ್‌ಎಸ್ ಬರೆದು ಮೆಡಿಕಲ್ ಆಂಕಾಲಜಿ (ಕ್ಯಾನ್ಸರ್‌ನ ಔಷಧ ಚಿಕಿತ್ಸೆ) ಅಥವಾ ಕ್ಲಿನಿಕಲ್ ಹೆಮಟಾಲಜಿ (ರಕ್ತರೋಗ) ವಿಭಾಗದಲ್ಲಿ ಮತ್ತೆ 3 ವರ್ಷಗಳ ಡಿಎಂ. ಸಂಶೋಧನೆಯ ಅಭ್ಯಾಸವನ್ನು ಮಾತ್ರ ಡಿಎಂ ಮುಗಿಯುವ ತನಕ ಮುಂದೂಡಬಾರದು. ಎಂಡಿ ಪ್ರಬಂಧದ ವಿಷಯ ಆರಿಸುವಾಗಲೇ ಅದು ಶುರುವಾಗಬೇಕು.

ಮೊದಲು, ಅಂಗಾಂಶ ಪರೀಕ್ಷಿಸಿ ರೋಗ ಗುರುತಿಸುವ ಪೆಥಾಲಜಿ ವಿಭಾಗದ ಒಡನಾಟ ಬೆಳೆಸಿಕೊಳ್ಳಿ. ಲಿಂಫೋಮಾ ಒಂದೇ ರೋಗವಲ್ಲ, ಹತ್ತಾರು ರೋಗಗಳ ಗುಂಪು. ಸೂಜಿ ಚುಚ್ಚಿ ಹೀರಿದ ಜೀವಕೋಶಗಳಲ್ಲಿ ದುಗ್ಧಗ್ರಂಥಿಯ ಒಳರಚನೆ ಉಳಿದಿರುವುದಿಲ್ಲವಾದ್ದರಿಂದ, ಸಾಧ್ಯವಿದ್ದಲ್ಲೆಲ್ಲ ಇಡೀ ಗ್ರಂಥಿಯನ್ನೇ ತೆಗೆದು ಬಯಾಪ್ಸಿ ಮಾಡಬೇಕು. ಆ ಗ್ರಂಥಿಯನ್ನು ಸೀಳಿ, ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್‌ಗೆ ಹಾಕುವುದನ್ನೂ, ಮರುದಿನಗಳಲ್ಲಿ ಜೀವಕೋಶದ ಬಗೆಯನ್ನೂ ಬೆಳವಣಿಗೆಯ ವೇಗವನ್ನೂ ತೋರಿಸುವ ಸಿಡಿ20, ಸಿಡಿ3, ಕೆಐ-67 ಬಣ್ಣಗಳು ಗಾಜಿನ ಪಟ್ಟಿಯ ಮೇಲೆ ಮೂಡುವುದನ್ನೂ ನಿಂತು ನೋಡಿ. ಫಾರ್ಮಲಿನ್ ಸರಿಯಾಗಿ ಒಳಗಿಳಿಯದ ಗ್ರಂಥಿಯಲ್ಲಿ ಈ ಬಣ್ಣಗಳನ್ನು ನಂಬುವಂತಿಲ್ಲ. ರೋಗದ ತಪ್ಪು ಹೆಸರು ಹೊತ್ತ ರೋಗಿಗಳನ್ನು ಒಟ್ಟುಗೂಡಿಸಿ ಮಾಡಿದ ಅಧ್ಯಯನವನ್ನು ಎಂಥ ಸಂಖ್ಯಾಶಾಸ್ತ್ರವೂ ಉಳಿಸಲಾರದು.

ಪ್ರಶ್ನೆಯನ್ನು ನಿಮ್ಮ ಹೊರರೋಗಿ ವಿಭಾಗದಲ್ಲೇ ಹುಡುಕಿ. ಕುತ್ತಿಗೆಯಲ್ಲಿ ಗಂಟು, ಸಂಜೆ ಜ್ವರ, ತೂಕ ಇಳಿತ ಎಂದು ಬಂದವರಿಗೆ ಬಯಾಪ್ಸಿ ಇಲ್ಲದೆಯೇ ಕ್ಷಯದ ಮಾತ್ರೆ ಕೊಟ್ಟು, ತಿಂಗಳುಗಳು ಕಳೆದ ಮೇಲೆ ಅದು ಹಾಜ್‌ಕಿನ್ ಲಿಂಫೋಮಾ ಎಂದು ತಿಳಿಯುವುದು ನಮ್ಮಲ್ಲಿ ಅಪರೂಪವಲ್ಲ. ಗಂಟು ಕಾಣಿಸಿದ ದಿನದಿಂದ ಬಯಾಪ್ಸಿಯವರೆಗೆ ಎಷ್ಟು ಸಮಯ ಹೋಯಿತು, ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ನಿಮ್ಮದೇ ಆಸ್ಪತ್ರೆಯ ಕಡತಗಳಿಂದ ಉತ್ತರ ದೊರೆಯುತ್ತದೆ.

ಇಂಥ ಸರಳ ಪ್ರಶ್ನೆ ಎಲ್ಲಿಗೆ ಕೊಂಡೊಯ್ಯಬಲ್ಲದು ಎಂಬುದಕ್ಕೆ ಡೆನಿಸ್ ಬರ್ಕಿಟ್ ಅವರ ಕೆಲಸವನ್ನು ನೋಡಬೇಕು. ಉಗಾಂಡದ ಕಂಪಾಲಾದಲ್ಲಿ ಶಸ್ತ್ರಚಿಕಿತ್ಸಕರಾಗಿದ್ದ ಅವರು, ಮಕ್ಕಳ ದವಡೆಯಲ್ಲಿ ಬೆಳೆಯುತ್ತಿದ್ದ, ಇಂದು ಬರ್ಕಿಟ್ ಲಿಂಫೋಮಾ ಎನ್ನುವ ಗೆಡ್ಡೆಗಳ ಬಗ್ಗೆ 1958ರಲ್ಲಿ ಬರೆದರು. ಈ ರೋಗ ಎಲ್ಲೆಲ್ಲಿದೆ ಎಂದು ತಿಳಿಯಲು ಚಿತ್ರಗಳಿದ್ದ ಕರಪತ್ರಗಳನ್ನು ಆಫ್ರಿಕಾದ ಆಸ್ಪತ್ರೆಗಳಿಗೆ ಅಂಚೆಯಲ್ಲಿ ಕಳಿಸಿ, ಬಂದ ಉತ್ತರಗಳನ್ನು ನಕ್ಷೆಯ ಮೇಲೆ ಗುರುತಿಸಿದರು. 1961ರಲ್ಲಿ ಇಬ್ಬರು ಸಹೋದ್ಯೋಗಿಗಳೊಡನೆ ಕಾರಿನಲ್ಲಿ ಸುಮಾರು 10,000 ಮೈಲಿ ಸುತ್ತಿದರು. ಅದೇ ವರ್ಷ ಲಂಡನ್‌ನಲ್ಲಿ ಅವರ ಉಪನ್ಯಾಸ ಕೇಳಿದ ಆಂಥನಿ ಎಪ್‌ಸ್ಟೈನ್ ಗೆಡ್ಡೆಯ ಮಾದರಿಗಳನ್ನು ತರಿಸಿಕೊಂಡು, ಸಹೋದ್ಯೋಗಿಗಳೊಂದಿಗೆ 1964ರಲ್ಲಿ ಅದರೊಳಗಿನ ವೈರಸ್ಸನ್ನು ವರದಿ ಮಾಡಿದರು. ದೊಡ್ಡ ಪ್ರಯೋಗಾಲಯವಿಲ್ಲ ಎಂದು ಕೈಚೆಲ್ಲುವವರು ಆ ಅಂಚೆ ಕರಪತ್ರಗಳನ್ನು ನೆನೆಯಬೇಕು.

ಚಿಕಿತ್ಸೆಯ ಅಧ್ಯಯನಕ್ಕೆ ಕೈ ಹಾಕುವ ಮುನ್ನ ಎರಡು ಪ್ರಬಂಧಗಳನ್ನು ಒಟ್ಟಿಗೆ ಓದಿ. 1993ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ಚಾಪ್ ಎಂಬ ನಾಲ್ಕು ಔಷಧಗಳ ಹಳೆಯ ಲಿಂಫೋಮಾ ಚಿಕಿತ್ಸೆಯನ್ನು ಮೂರು ಹೊಸ, ತೀವ್ರ ಚಿಕಿತ್ಸೆಗಳ ಎದುರು ನಿಲ್ಲಿಸಿತು. ಹೊಸವು ಹೆಚ್ಚು ಜೀವ ಉಳಿಸಲಿಲ್ಲ, ವಿಷಪರಿಣಾಮ ಮಾತ್ರ ಚಾಪ್‌ನಲ್ಲಿ ಕಡಿಮೆಯಿತ್ತು. 2002ರಲ್ಲಿ ಫ್ರಾನ್ಸ್ ನೇತೃತ್ವದ ತಂಡ 60ರಿಂದ 80 ವಯಸ್ಸಿನ 399 ರೋಗಿಗಳಲ್ಲಿ ಅದೇ ಚಾಪ್‌ಗೆ ರಿಟುಕ್ಸಿಮ್ಯಾಬ್ ಎಂಬ ಪ್ರತಿಕಾಯ ಔಷಧವನ್ನು ಸೇರಿಸಿ ನೋಡಿತು. ರೋಗ ಪೂರ್ಣ ಮರೆಯಾದವರ ಪ್ರಮಾಣ ಶೇ. 63ರಿಂದ ಶೇ. 76ಕ್ಕೇರಿತು. ಮೊದಲನೆಯ ಪ್ರಯೋಗ ಹೊಸ ಔಷಧ ತರಲಿಲ್ಲ, ಆದರೂ ಅದನ್ನು ನಾನು ಎರಡನೆಯದಕ್ಕಿಂತ ಕಡಿಮೆಯೆಂದು ಎಣಿಸಲಾರೆ.

ನೈತಿಕ ಸಮಿತಿಯ ಒಪ್ಪಿಗೆ ಪಡೆಯಿರಿ. ಕ್ಲಿನಿಕಲ್ ಟ್ರಯಲ್ ಆದರೆ ಮೊದಲ ರೋಗಿಯನ್ನು ಸೇರಿಸುವ ಮುನ್ನವೇ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ತಾಣವಾದ ಸಿಟಿಆರ್‌ಐನಲ್ಲಿ ನೋಂದಾಯಿಸಿ. ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಕನ್ನಡದಲ್ಲಿರಲಿ.

ಅತ್ಯಂತ ಕಷ್ಟದ ಕೆಲಸ ರೋಗಿಗಳ ಜಾಡು ಉಳಿಸಿಕೊಳ್ಳುವುದು. ವೇಗವಾಗಿ ಬೆಳೆಯುವ ದೊಡ್ಡ ಬಿ ಕೋಶಗಳ ಲಿಂಫೋಮಾ ಮರುಕಳಿಸುವುದಾದರೆ ಹೆಚ್ಚಾಗಿ ಮೊದಲ 2 ವರ್ಷಗಳಲ್ಲಿ ಮರುಕಳಿಸುತ್ತದೆ. ನಿಧಾನವಾಗಿ ಬೆಳೆಯುವ ಫಾಲಿಕ್ಯುಲರ್ ಲಿಂಫೋಮಾ 10 ವರ್ಷ ಕಳೆದ ಮೇಲೂ ಮರುಕಳಿಸಬಹುದು. ಕಲಬುರಗಿಯ ಹಳ್ಳಿಯಿಂದ ಬೆಂಗಳೂರಿಗೆ ಬಂದು ಗುಣವಾದವರು, ಬಸ್ಸಿನ ಖರ್ಚು ಮತ್ತು ತಪ್ಪುವ ಕೂಲಿಯನ್ನು ಲೆಕ್ಕ ಹಾಕಿ ಮತ್ತೆ ಬಾರದಿರುವುದು ಸಹಜ. ಮೊದಲ ಭೇಟಿಯಲ್ಲೇ ಮನೆಯ ಇಬ್ಬರ, ಊರಿನ ಆಶಾ ಕಾರ್ಯಕರ್ತೆಯ ಫೋನ್ ಸಂಖ್ಯೆಗಳನ್ನು ರೋಗಿಯ ಅನುಮತಿಯಿಂದ ಬರೆದಿಡಿ. ನಿಗದಿತ ದಿನ ಬಾರದವರಿಗೆ ಅದೇ ವಾರ ಕರೆ ಮಾಡಿ, ಕೊನೆಯ ಬಾರಿ ಸುದ್ದಿ ಸಿಕ್ಕ ದಿನಾಂಕವನ್ನು ದಾಖಲಿಸಿ. ಸುದ್ದಿಯೇ ಇಲ್ಲದವರನ್ನು ಗುಣವಾದವರ ಪಟ್ಟಿಗೆ ಎಂದೂ ಸೇರಿಸಬೇಡಿ.