ಮಂಜು ಮುಸುಕಿದ ಕೆರೆಯಲ್ಲಿ ಹಕ್ಕಿ ನೋಡುವುದು ಹೇಗೆ?

ಡಿಸೆಂಬರ್ ಕೊನೆಯ ವಾರ ಮೈಸೂರಿನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 6:40ರ ಆಸುಪಾಸಿನಲ್ಲಿ. ಮಂಜು ಬಿದ್ದ ದಿನ ಹಕ್ಕಿ ನೋಡಲು ಹೊರಟವರಲ್ಲಿ ಬಹಳ ಮಂದಿ ಆ ಹೊತ್ತಿಗೆ ಕೆರೆ ತಲುಪುತ್ತಾರೆ. ಏನೂ ಕಾಣದೆ ಏರಿಯುದ್ದಕ್ಕೂ ಒಂದು ಸುತ್ತು ನಡೆದು, ಎಂಟು ಗಂಟೆಗೆಲ್ಲ ತಿಂಡಿಗೆ ಹೊರಟುಬಿಡುತ್ತಾರೆ. ಮಂಜು ಎದ್ದು ಸರಿಯಲು ಶುರುವಾಗುವುದೇ ಆಗ. ಮಂಜಿನ ಬೆಳಗಿಗೆ ಕ್ರಮವೇ ಬೇರೆ: ಮೊದಲು ಒಂದು ಕಡೆ ಕೂರಬೇಕು, ಕೇಳಬೇಕು, ಆಮೇಲೆ ಆಕಾರ ಓದಬೇಕು. ಬಣ್ಣ, ಎಣಿಕೆ ಎಲ್ಲ ನಂತರ. ನಡಿಗೆ ಕಟ್ಟಕಡೆಗೆ.

ಇಲ್ಲಿ ಬರೆದಿರುವುದು ಕುಕ್ಕರಹಳ್ಳಿ, ಲಿಂಗಾಂಬುಧಿ, ವರುಣ ಕೆರೆ, ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ, ಹೀಗೆ ಮೈಸೂರು ಸುತ್ತಿನ ಕೆರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಬಯಲುಸೀಮೆಯ ಉಳಿದ ಕೆರೆಗಳಿಗೂ ಇದು ಹೆಚ್ಚುಕಡಿಮೆ ಹೊಂದುತ್ತದೆ.

ಹಿಂದಿನ ಸಂಜೆಯ ಕೆಲಸ

ಮಂಜು ಬೀಳುವ ಸೂಚನೆ ಸಂಜೆಯೇ ಸಿಗುತ್ತದೆ. ಎರಡು ದಿನದ ಹಿಂದೆ ಮಳೆಯಾಗಿ ನೆಲ ತೇವವಾಗಿರಬೇಕು, ರಾತ್ರಿ ಆಕಾಶ ತಿಳಿಯಾಗಿರಬೇಕು, ಗಾಳಿ ಇರಬಾರದು. ಹವಾಮಾನದ ಆ್ಯಪ್‌ನಲ್ಲಿ ಬೆಳಗಿನ ಜಾವದ ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ (ಗಾಳಿಯ ತೇವ ಹನಿಗಟ್ಟುವ ಉಷ್ಣಾಂಶ) ಒಂದೆರಡು ಡಿಗ್ರಿಯಷ್ಟೇ ಅಂತರವಿದ್ದು ಗಾಳಿಯ ವೇಗವೂ ತೀರಾ ಕಡಿಮೆ ಎಂದಿದ್ದರೆ ಮಂಜನ್ನು ನಿರೀಕ್ಷಿಸಬಹುದು.

ಕೆರೆಯ ಮೇಲೆ ಕಾಣುವುದೆಲ್ಲ ಒಂದೇ ಬಗೆಯ ಮಂಜಲ್ಲ. ನೀರು ಬೆಚ್ಚಗಿದ್ದು ಮೇಲಿನ ಗಾಳಿ ತಣ್ಣಗಿದ್ದಾಗ ನೀರಿನಿಂದಲೇ ಹಬೆ ಏಳುತ್ತದೆ. ಇದು ತೆಳು, ಸೊಂಟದೆತ್ತರಕ್ಕೆ ನಿಂತಿರುತ್ತದೆ, ಬಿಸಿಲು ತಾಗಿದ ಸ್ವಲ್ಪ ಹೊತ್ತಿನಲ್ಲೇ ಕರಗುತ್ತದೆ. ಇಂಥ ದಿನ ಏರಿಯ ಮೇಲೆ ನಿಂತರೆ ಹಬೆಯ ಮೇಲಿಂದ ಹಕ್ಕಿಗಳ ತಲೆ ಬೆನ್ನು ಕಾಣುತ್ತವೆ. ಇಡೀ ಊರನ್ನೇ ಮುಚ್ಚುವ ದಟ್ಟ ಮಂಜಿನಲ್ಲಿ ಎತ್ತರದಿಂದ ಪ್ರಯೋಜನವಿಲ್ಲ. ಆಗ ಇಳಿದು ನೀರಿಗೆ ಹತ್ತಿರ ಕೂರುವುದೇ ಲೇಸು. ಈ ಎರಡನೆಯದು ಸೂರ್ಯ ಹುಟ್ಟಿದ ಮೇಲೆ ಅರ್ಧ ಗಂಟೆ ಇನ್ನೂ ದಟ್ಟವಾಗುವುದುಂಟು. ಬಿಸಿಲಿನ ಮೊದಲ ಕಾವಿಗೆ ನೆಲದ ಹತ್ತಿರದ ಗಾಳಿ ಕದಡಿ, ಕೆಳಗಿದ್ದ ತೇವ ಮೇಲೇರುವುದೇ ಇದಕ್ಕೆ ಕಾರಣ. ‘ಇವತ್ತು ಬಿಡೋದಿಲ್ಲ’ ಎಂದು ಎದ್ದು ಹೋಗುವವರು ಸಾಮಾನ್ಯವಾಗಿ ಈ ಅರ್ಧ ಗಂಟೆಯಲ್ಲೇ ಸೋಲುವುದು.

ಕೆರೆಯನ್ನು ನೀರಿನ ಮಟ್ಟ ನೋಡಿ ಆರಿಸಿ. ಕೋಡಿ ಬಿದ್ದ ಕೆರೆ ನೋಡಲು ಚೆಂದ, ಹಕ್ಕಿಗೆ ಅಷ್ಟಕ್ಕಷ್ಟೆ. ಸೂಜಿಬಾಲದ ಬಾತು, ಚಲುಕದ ಬಾತು, ಬಿಳಿಹುಬ್ಬಿನ ಬಾತು ಇವೆಲ್ಲ ಮುಳುಗಿ ಮೇಯುವ ಜಾತಿಯಲ್ಲ. ತಲೆ ಕೆಳಗೆ ಮಾಡಿ ಕತ್ತು ಎಟುಕುವಷ್ಟು ಆಳದಲ್ಲಿ ಮಾತ್ರ ತಿನ್ನುತ್ತವೆ, ಅಂದರೆ ಮೊಣಕಾಲಿಗಿಂತ ಕಡಿಮೆ ನೀರು. ಗೊರವ, ಉಲ್ಲಂಕಿ, ಮೆಟ್ಟುಗಾಲು ಹಕ್ಕಿಗಳಿಗೆ ಇನ್ನೂ ಕಡಿಮೆ ನೀರು, ಕೆಸರಿನ ಅಂಚು ಬೇಕು. ಹಾಗಾಗಿ ಮಳೆ ಚೆನ್ನಾಗಿ ಬಂದ ವರ್ಷ ನವೆಂಬರ್‌ನಲ್ಲಿ ಖಾಲಿ ಎನಿಸಿದ ಕೆರೆ, ನೀರು ಇಳಿದು ಅಂಗಳ ತೆರೆದುಕೊಂಡ ಮೇಲೆ ಜನವರಿ ಕೊನೆಯಲ್ಲಿ ತುಂಬಿ ತುಳುಕಬಹುದು. ಅಂತರಗಂಗೆ ಪೂರ್ತಿ ಮುಚ್ಚಿದ ಕೆರೆಯಲ್ಲಿ ನೇರಳೆ ಜಂಬುಕೋಳಿ, ದೇವನಕ್ಕಿ ಸಿಗುತ್ತವೆ, ಬಾತುಗಳನ್ನು ಹುಡುಕಬೇಡಿ.

ಸಾಧ್ಯವಾದರೆ ಹಿಂದಿನ ಸಂಜೆಯೇ ಒಮ್ಮೆ ಹೋಗಿ ಬನ್ನಿ. ಹಕ್ಕಿಗಳು ಯಾವ ಮೂಲೆಯಲ್ಲಿವೆ, ಜೊಂಡು ಎಲ್ಲಿದೆ, ತೂಬಿನ ಹತ್ತಿರ ಕಾಲಿಡಲು ಜಾಗವಿದೆಯೇ ನೋಡಿಕೊಳ್ಳಿ. ಮೀನು ಹಿಡಿಯುವವರು ಇದ್ದರೆ ‘ಅಣ್ಣಾ, ಬೆಳಿಗ್ಗೆ ಬಲೆ ಎತ್ತೋದು ಯಾವ ಕಡೆ?’ ಎಂದು ಕೇಳಿ. ಹರಿಗೋಲು ಹೋದ ಕಡೆಯಿಂದ ಬಾತುಗಳು ಸರಿದು ಎದುರು ದಂಡೆಗೆ ಬರುತ್ತವೆ, ನೀವು ಅಲ್ಲಿರಬೇಕು. ಹಕ್ಕಿಗಳ ಬಗ್ಗೆ ಇವರಿಗೆ ಗೊತ್ತಿರುವಷ್ಟು ಯಾವ ಆ್ಯಪ್‌ಗೂ ಗೊತ್ತಿಲ್ಲ.

ಸಾಮಾನು

ಬೈನಾಕ್ಯುಲರ್ 8×42 ಇದ್ದರೆ ಮಂಜಿಗೆ ಅತ್ಯುತ್ತಮ. ಮೊದಲ ಅಂಕಿ ವರ್ಧನೆ, ಎರಡನೆಯದು ಮುಂದಿನ ಮಸೂರದ ವ್ಯಾಸ, ಮಿಲಿಮೀಟರ್‌ನಲ್ಲಿ. 42ನ್ನು 8ರಿಂದ ಭಾಗಿಸಿದರೆ 5.25: ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆ ಅಷ್ಟು ಮಿಲಿಮೀಟರ್ ಅಗಲ. 10×42ರಲ್ಲಿ ಅದು 4.2ಕ್ಕೆ ಇಳಿಯುತ್ತದೆ, 8×25ರ ಜೇಬಿನ ಬೈನಾಕ್ಯುಲರ್‌ನಲ್ಲಿ ಬರೀ 3ರಷ್ಟು. ಮಬ್ಬು ಬೆಳಕಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಇನ್ನೊಂದು ಮಾತು: ವರ್ಧನೆ ಹೆಚ್ಚಿಸಿದರೆ ಹಕ್ಕಿಯ ಜೊತೆ ಮಂಜೂ ದೊಡ್ಡದಾಗುತ್ತದೆ. ದುಬಾರಿ ಸ್ಪಾಟಿಂಗ್ ಸ್ಕೋಪ್ (ಹಕ್ಕಿ ನೋಡುವ ದೂರದರ್ಶಕ) ಹೊತ್ತು ಬಂದವರು ಎಂಟೂವರೆವರೆಗೆ ಅದನ್ನು ಚೀಲದಲ್ಲೇ ಇಟ್ಟುಕೊಳ್ಳಬಹುದು.

ಎರಡು ಕಣ್ಣಿಗೂ ಹೊಂದಿಸಿಕೊಳ್ಳುವುದನ್ನು ಮನೆಯಲ್ಲೇ ಮುಗಿಸಿ. ಬಲಗಣ್ಣು ಮುಚ್ಚಿ, ದೂರದ ಫಲಕವೊಂದರ ಅಕ್ಷರಗಳನ್ನು ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಡೆಯ ಕಣ್ಣುಗೊಳವೆಯ ಉಂಗುರವನ್ನಷ್ಟೇ ತಿರುಗಿಸಿ ಅದೇ ಅಕ್ಷರಗಳನ್ನು ಸ್ಪಷ್ಟ ಮಾಡಿ. ಉಂಗುರದ ಆ ಗುರುತು ನೆನಪಿಟ್ಟುಕೊಳ್ಳಿ, ಚೀಲದೊಳಗೆ ಉಜ್ಜಿ ಅದು ಸರಿದುಬಿಡುತ್ತದೆ. ಕನ್ನಡಕದವರು ರಬ್ಬರ್ ಬಟ್ಟಲುಗಳನ್ನು ಪೂರ್ತಿ ಕೆಳಕ್ಕೆ ತಿರುಗಿಸಿಡಬೇಕು. ಇಲ್ಲದಿದ್ದರೆ ನೋಟ ಅರ್ಧಕ್ಕೆ ಕುಗ್ಗುತ್ತದೆ.

ಗಾಜು ಮಬ್ಬಾಗುವುದು ಮಂಜಿನ ದಿನದ ದೊಡ್ಡ ಕಿರಿಕಿರಿ. ತಣ್ಣನೆ ಗಾಜಿಗೆ ಬೆಚ್ಚನೆ ತೇವದ ಗಾಳಿ ತಾಗಿದರೆ ನೀರು ಕಟ್ಟುತ್ತದೆ. ಕಾರಿನಲ್ಲಿ ಎ.ಸಿ. ಹಾಕಿಕೊಂಡು ಬಂದು ಇಳಿದವರ ಬೈನಾಕ್ಯುಲರ್ ಕುರುಡಾಗುವುದು ಇದರಿಂದಲೇ. ಎ.ಸಿ. ಆರಿಸಿ, ಗಾಜು ಸ್ವಲ್ಪ ಇಳಿಸಿಕೊಂಡು ಬನ್ನಿ. ನೋಡುವಾಗ ಮೂಗಿನ ಉಸಿರು ಗಾಜಿಗೆ ತಾಗದಂತೆ ಕೆಳಕ್ಕೆ ಬಿಡಿ. ಮಾಸ್ಕ್ ಅಥವಾ ಮಫ್ಲರ್ ಮೂಗಿನವರೆಗೆ ಸುತ್ತಿದ್ದರೆ ಉಸಿರೆಲ್ಲ ಮೇಲಕ್ಕೇ ಬರುತ್ತದೆ. ಅಂಗಿಯ ತುದಿಯಿಂದ ಒರೆಸಬೇಡಿ. ಏರಿಯ ಧೂಳು ಗಾಜಿಗೆ ಗೀರು ಹಾಕುತ್ತದೆ. ಮೊದಲು ಊದುವ ರಬ್ಬರ್ ಬುಗ್ಗೆಯಿಂದ ಧೂಳು ಹಾರಿಸಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ. ಇಂಥ ಬಟ್ಟೆ ಎರಡಿರಲಿ, ಒಂದು ಬೇಗ ಒದ್ದೆಯಾಗುತ್ತದೆ.

ಉಳಿದದ್ದು ಸಣ್ಣಪುಟ್ಟದ್ದು: ಮಾಸಲು ಬಣ್ಣದ ಬಟ್ಟೆ, ಒದ್ದೆ ಹುಲ್ಲಿಗೆ ಗಮ್‌ಬೂಟು, ಕೂರಲು ಪ್ಲಾಸ್ಟಿಕ್ ಹಾಳೆ, ಟಾರ್ಚು, ಬರೆಯಲು ಪೆನ್ಸಿಲ್. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ.

6:00: ಜಾಗ ಹಿಡಿಯುವುದು

ಕತ್ತಲಿರುವಾಗಲೇ ತಲುಪಿ. ರಸ್ತೆಯಲ್ಲಿ ಮಂಜಿದ್ದರೆ ಹೆಡ್‌ಲೈಟ್ ಡಿಪ್‌ನಲ್ಲಿರಲಿ. ಹೈಬೀಮ್ ಹಾಕಿದರೆ ಬೆಳಕೆಲ್ಲ ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ. ಏರಿಯ ಕಲ್ಲುಸಂದುಗಳಲ್ಲಿ ಹಾವಿರುತ್ತವೆ, ಕೊಳಕುಮಂಡಲವೂ ಸೇರಿ. ಟಾರ್ಚಿನ ಬೆಳಕನ್ನು ಕಾಲಬುಡಕ್ಕೆ ಬಿಡಿ, ನೀರಿನ ಕಡೆಗೆ ಬೀಸಬೇಡಿ. ಕೆರೆ ಅಂಗಳಕ್ಕೆ ಇಳಿಯುವುದು ಬೇಡ. ಮೇಲೆ ಒಣಗಿದಂತೆ ಕಾಣುವ ಹೂಳು ಒಳಗೆ ಮೊಣಕಾಲವರೆಗೆ ಮೆತ್ತಗಿರುತ್ತದೆ, ಮಂಜಿನಲ್ಲಿ ಸಿಕ್ಕಿಕೊಂಡರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಪೂರ್ವ ದಂಡೆಯಲ್ಲಿ, ಪಶ್ಚಿಮಕ್ಕೆ ಮುಖ ಮಾಡಿ ಕೂರಿ. ಸೂರ್ಯ ಎದುರಿಗಿದ್ದರೆ ಮಂಜಿನ ಹನಿಗಳೆಲ್ಲ ಬೆಳಗಿ ಇಡೀ ಕೆರೆ ಒಂದು ಬಿಳಿ ಗೋಡೆಯಾಗುತ್ತದೆ. ಬೆನ್ನಿಗಿದ್ದರೆ ಅದೇ ಮಂಜಿನಲ್ಲಿ ಇನ್ನೂ ಸ್ವಲ್ಪ ದೂರದವರೆಗೆ ಕಾಣುತ್ತದೆ. ಬೆನ್ನ ಹಿಂದೆ ಜಾಲಿ ಗಿಡವೋ ಪೊದೆಯೋ ಇರಲಿ, ನಿಮ್ಮ ಆಕಾರ ಒಡೆಯುತ್ತದೆ. ರಸ್ತೆ ಪಕ್ಕದ ಕೆರೆಯಾದರೆ ಕಾರಿನೊಳಗೇ ಕೂರುವುದು ಇನ್ನೂ ವಾಸಿ. ಹಕ್ಕಿಗಳು ಹೆಚ್ಚಾಗಿ ಹೆದರುವುದು ಕಾರಿಗಲ್ಲ, ಬಾಗಿಲು ತೆರೆದು ಇಳಿಯುವವರಿಗೆ.

ಕೂತ ತಕ್ಷಣ ಸುಮಾರು 50 ಮೀಟರ್ ದೂರದ ಗೂಟಕ್ಕೋ ಕಲ್ಲಿಗೋ ಬೈನಾಕ್ಯುಲರ್ ಫೋಕಸ್ ಮಾಡಿಟ್ಟುಕೊಳ್ಳಿ. ಬರೀ ಬೂದಿಬಣ್ಣದ ಮಂಜಿನಲ್ಲಿ ಕಣ್ಣಿಗೆ ಹಿಡಿತ ಸಿಗುವುದಿಲ್ಲ. ಹಕ್ಕಿ ಮೂಡಿದಾಗ ಚಕ್ರ ತಿರುಗಿಸುವಷ್ಟರಲ್ಲಿ ಅದು ಮರೆಯಾಗಿರುತ್ತದೆ.

ಮೊದಲು ಕಿವಿ

ಮೊದಲ ಅರ್ಧ ಗಂಟೆ ಬೈನಾಕ್ಯುಲರ್ ಮಡಿಲಲ್ಲಿರಲಿ. ಪುಸ್ತಕದಲ್ಲಿ ಕೆರೆಯ ಹೊರಗೆರೆ ಎಳೆದು, ನೀವು ಕೂತ ಜಾಗ ಗುರುತಿಸಿ, ದನಿ ಬಂದ ದಿಕ್ಕಿಗೆಲ್ಲ ಒಂದೊಂದು ಗುರುತು ಹಾಕಿ. ಮಂಜು ಎದ್ದ ಮೇಲೆ ಎಲ್ಲಿ ನೋಡಬೇಕು ಎನ್ನುವುದು ಈ ಗೀಚಿನಿಂದಲೇ ಗೊತ್ತಾಗುತ್ತದೆ.

ನಾಮದ ಕೋಳಿಯದು ಚುಟುಕು ‘ಕಿಕ್’, ಚೂಪು. ಗುಳುಮುಳುಕ ಕಿಲಕಿಲ ನಕ್ಕಂತೆ ಒಂದೇ ಉಸಿರಿಗೆ ಉದ್ದಕ್ಕೆ ನಡುಗಿಸುತ್ತದೆ. ಸಿಳ್ಳೆ ಬಾತು ಹೆಸರಿಗೆ ತಕ್ಕ ಹಾಗೆ, ಹಾರುವಾಗಲೂ ಸಿಳ್ಳು. ಗೊರವಗಳಲ್ಲಿ ಸಾಮಾನ್ಯ ಗೊರವ ನೀರಿಗೆ ತಾಗಿದಂತೆ ತಗ್ಗಿನಲ್ಲಿ ಹಾರುತ್ತಾ ‘ಟ್ವೀ-ವೀ-ವೀ’ ಎನ್ನುತ್ತದೆ. ಗದ್ದೆ ಗೊರವ ‘ಚಿಫ್-ಇಫ್-ಇಫ್’ ಎಂದು ಒಣದನಿಯಲ್ಲಿ ಎದ್ದು ಮೇಲೇರುತ್ತದೆ. ಕಾಲಬುಡದಿಂದ ಬಟ್ಟೆ ಹರಿದಂಥ ಒರಟು ಸದ್ದು ಮಾಡಿ ಅಡ್ಡಾದಿಡ್ಡಿ ಹಾರಿದರೆ ಅದು ಉಲ್ಲಂಕಿ.

ಹದಿನಾರು ಕೆರೆಯಲ್ಲೋ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲೋ ಕೂತಿದ್ದರೆ ಕಾಯಬೇಕಾದ್ದು ಪಟ್ಟೆತಲೆ ಹೆಬ್ಬಾತಿನ ದನಿಗೆ. ಮಂಗೋಲಿಯ, ಟಿಬೆಟ್, ಲಡಾಖ್ ಕಡೆ ಮರಿಮಾಡಿ ಹಿಮಾಲಯ ದಾಟಿ ಬರುವ ಹಕ್ಕಿ ಇದು. ಹಗಲು ಕೆರೆಯಲ್ಲಿ ವಿಶ್ರಾಂತಿ, ಕತ್ತಲಾದ ಮೇಲೆ ಸುತ್ತಲ ಹೊಲಗಳಲ್ಲಿ ಮೇವು. ಬೆಳಗಿನ ಹೊತ್ತು ಹೊಲದಿಂದ ಕೆರೆಗೆ ಮರಳುವ ಗುಂಪುಗಳು ಮಂಜಿನೊಳಗಿಂದ ಮೂಗಿನಲ್ಲಿ ‘ಆಂಗ್... ಆಂಗ್’ ಎನ್ನುತ್ತ ಬರುತ್ತವೆ. ಮಂಜಿನಲ್ಲಿ ಒಂದಕ್ಕೊಂದು ಕಾಣದ್ದರಿಂದ ಕೂಗು ಜಾಸ್ತಿಯೇ. ದನಿ ತಲೆಯ ಮೇಲೆ ಬಂದಾಗ ಎದ್ದು ನಿಲ್ಲಬೇಡಿ. ಇಳಿಯಲು ಬಂದ ಗುಂಪು ತಿರುಗಿ ಹೋದರೆ ಬೇರೆ ಕೆರೆ ಹುಡುಕುತ್ತದೆ.

ಮೊಬೈಲಿನಲ್ಲಿ ಮರ್ಲಿನ್ ಆ್ಯಪ್ ಹಾಕಿ ದನಿ ಗುರುತಿಸುವವರು ಅದರ ಉತ್ತರವನ್ನು ಸುಳಿವೆಂದಷ್ಟೇ ತೆಗೆದುಕೊಳ್ಳಲಿ. ಎಮ್ಮೆ, ಪಂಪ್‌ಸೆಟ್ಟು, ದೇವಸ್ಥಾನದ ಮೈಕು ಎಲ್ಲ ಸೇರಿದ ಹಳ್ಳಿಯ ಬೆಳಗಿನಲ್ಲಿ ಅದು ತಪ್ಪುವುದುಂಟು. ಹಕ್ಕಿ ಕರೆಸಲು ದನಿಮುದ್ರಿಕೆ ಹಾಕುವುದಂತೂ ಬೇಡವೇ ಬೇಡ.

ಆಕಾರ ಓದುವುದು

ಏಳು ಗಂಟೆ ದಾಟಿದ ಮೇಲೆ ಬೂದಿಯೊಳಗೆ ಕಪ್ಪು ಗುರುತುಗಳು ಮೂಡುತ್ತವೆ. ಇಲ್ಲಿ ಎಡವುವುದು ಗಾತ್ರದಲ್ಲಿ. ಮಸುಕಾಗಿ ಕಂಡದ್ದು ದೂರದಲ್ಲಿದೆ ಎಂದು ಕಣ್ಣು ಎಣಿಸುತ್ತದೆ, ದೂರದಲ್ಲಿದ್ದೂ ಇಷ್ಟು ಕಾಣುತ್ತಿದೆ ಎಂದರೆ ದೊಡ್ಡದೇ ಇರಬೇಕು ಎಂದು ಮನಸ್ಸು ತೀರ್ಮಾನಿಸುತ್ತದೆ. ಕೊಳದ ಬಕ ಬೂದು ಬಕವಾಗುವುದು, ನಾಮದ ಕೋಳಿ ಬಾತಾಗುವುದು ಹೀಗೆ. ಪಕ್ಕದಲ್ಲಿ ಗೊತ್ತಿರುವ ಹಕ್ಕಿ ಇದ್ದರೆ ಅದರೊಂದಿಗೆ ಹೋಲಿಸಿ, ಇಲ್ಲದಿದ್ದರೆ ಗಾತ್ರ ಬರೆಯಲೇ ಬೇಡಿ.

ನಂಬಬೇಕಾದ್ದು ಭಂಗಿ ಮತ್ತು ಚಲನೆಯನ್ನು. ಈಜುವಾಗ ಹೆಜ್ಜೆಹೆಜ್ಜೆಗೂ ತಲೆ ಮುಂದೆ ಹಿಂದೆ ಆಡಿಸುವ, ಬೆನ್ನು ಗುಂಡಗಿರುವ ಕಪ್ಪು ಮುದ್ದೆ ನಾಮದ ಕೋಳಿ. ಬೆನ್ನು ನೀರಿಗೆ ಸಮವಾಗಿ, ಕೊಕ್ಕು ಕೊಂಚ ಮೇಲಕ್ಕೆತ್ತಿದ್ದರೆ ನೀರುಕಾಗೆ. ಕತ್ತು ಬಿಟ್ಟು ಬೇರೇನೂ ಕಾಣದಿದ್ದರೆ ಹಾವಕ್ಕಿ. ಬಾತುಗಳಲ್ಲಿ ತೆಳು ಕತ್ತು, ಚೂಪು ಬಾಲ ಇರುವುದು ಸೂಜಿಬಾಲದ್ದು. ತಲೆ ಎತ್ತದೆ ಕೊಕ್ಕನ್ನು ನೀರಿಗಂಟಿಸಿಕೊಂಡು, ಕೆಲವೊಮ್ಮೆ ಗುಂಪಾಗಿ ಸುತ್ತು ಹಾಕುತ್ತ ಸೋಸುವುದು ಚಲುಕದ ಬಾತು. ಜೋಡಿಯಾಗಿ, ದಪ್ಪನೆಯ ಮೈಯಲ್ಲಿ ನಿಧಾನ ತೇಲುವುದು ನಮ್ಮೂರಿನದೇ ಚುಕ್ಕೆಕೊಕ್ಕಿನ ಬಾತು.

ಬಿಳಿಹುಬ್ಬಿನ ಬಾತಿನ ಹುಬ್ಬನ್ನು ನಂಬಿ ಕೂತವರು ಡಿಸೆಂಬರ್‌ನಲ್ಲಿ ಮೋಸಹೋಗುತ್ತಾರೆ. ಇದರ ಗಂಡುಗಳು ಹೆಣ್ಣಿನಂಥ ಮಾಸಲು ಗರಿಯನ್ನು ಚಳಿಗಾಲದ ಬಹುಪಾಲು ಉಳಿಸಿಕೊಳ್ಳುತ್ತವೆ, ಬಿಳಿ ಹುಬ್ಬು ಚೆನ್ನಾಗಿ ಕಾಣುವುದು ಫೆಬ್ರುವರಿ ಹೊತ್ತಿಗೆ. ಅಲ್ಲಿಯವರೆಗೆ ಮುಖದ ಅಡ್ಡಗೆರೆಗಳು, ಕೊಕ್ಕಿನ ಬುಡದ ತಿಳಿ ಚುಕ್ಕೆ, ಪುಟ್ಟ ಮೈ ಇವನ್ನು ನೋಡಿ ಗುರುತಿಸಬೇಕು. ಮಂಜಿನಲ್ಲಿ ಇದು ಆಗದ ಕೆಲಸ, ‘ಬಾತು, ಸಣ್ಣದು’ ಎಂದು ಬರೆದಿಟ್ಟು ಕಾಯಿರಿ.

ಕ್ಯಾಮೆರಾದವರಿಗೆ ಎರಡೇ ಮಾತು. ಮಂಜಿನ ಬಿಳುಪನ್ನು ಕ್ಯಾಮೆರಾ ಬೂದಿಯಾಗಿಸುತ್ತದೆ, ಎಕ್ಸ್‌ಪೋಷರ್ +0.7ರಿಂದ +1.3ರವರೆಗೆ ಏರಿಸಿಕೊಳ್ಳಿ. ಆಟೋಫೋಕಸ್ ತಡಕಾಡಿದರೆ ಒಂದೇ ಬಿಂದುವನ್ನು ಹಕ್ಕಿಯ ಕಪ್ಪು ಅಂಚಿಗಿಡಿ, ಇಲ್ಲವೇ ಕೈಯಲ್ಲೇ ತಿರುಗಿಸಿ.

ಮಂಜು ಎದ್ದ ಮೇಲೆ

ಎಂಟರಿಂದ ಒಂಬತ್ತರ ನಡುವೆ ಪರದೆ ತೆರೆದಾಗ ಗಡಿಬಿಡಿ ಮಾಡುವುದು ಜನ, ಹಕ್ಕಿಯಲ್ಲ. ಮಂಜಿನ ಮರೆಯಲ್ಲಿ ದಂಡೆಗೆ ತೀರಾ ಹತ್ತಿರ ಬಂದ ಬಾತುಗಳು ಇನ್ನೂ ಅಲ್ಲೇ ಇರುತ್ತವೆ. ಹೆಬ್ಬಾತುಗಳ ಗುಂಪಿನಲ್ಲಿ ಒಂದೊಂದಾಗಿ ಕತ್ತು ನೆಟ್ಟಗಾಗತೊಡಗಿದರೆ ನೀವು ಅತಿ ಹತ್ತಿರ ಬಂದಿದ್ದೀರಿ ಎಂದರ್ಥ. ನಿಲ್ಲಿ, ಕತ್ತು ಇಳಿಯುವವರೆಗೆ ಅಲುಗಬೇಡಿ. ರಾತ್ರಿಯೆಲ್ಲ ಮೇದು ಬಂದವನ್ನು ಹಗಲು ಎಬ್ಬಿಸಿದರೆ ಅವುಗಳ ವಿಶ್ರಾಂತಿಯೇ ಹಾಳು.

ನಾಮದ ಕೋಳಿಗಳು ಇದ್ದಕ್ಕಿದ್ದಂತೆ ಒತ್ತೊತ್ತಾಗಿ ಸೇರಿದರೆ ನೀರು ಬಿಟ್ಟು ಆಕಾಶ ನೋಡಿ. ಜೊಂಡಿನ ಮೇಲೆ ರೆಕ್ಕೆಯನ್ನು ‘ವಿ’ ಆಕಾರಕ್ಕೆತ್ತಿ ತೇಲುತ್ತ ಬರುವ ಜೌಗು ಸೆಳೆವ ಎಂಬ ಬೇಟೆಹಕ್ಕಿ ಇರಬಹುದು.

ಎಣಿಕೆ ಈಗ. ಮೊದಲು ಹತ್ತು ಹಕ್ಕಿಗಳನ್ನು ನಿಜಕ್ಕೂ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆಂದು ಕಣ್ಣಲ್ಲಿಟ್ಟುಕೊಂಡು, ಅದೇ ಅಳತೆಯಿಂದ ಗುಂಪಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಿ. ಗುಂಪು ಸಾವಿರ ದಾಟುವಂತಿದ್ದರೆ ಐವತ್ತರ ಅಳತೆ ಸರಿ. ಎರಡು ಸಲ ಎಣಿಸಿ, ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯದು. ಇಬರ್ಡ್‌ಗೆ (ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಜಾಲತಾಣ) ಹಾಕುವವರು ಕೂತು ನೋಡಿದ್ದನ್ನು ಒಂದು ಪಟ್ಟಿಯಾಗಿ, ಆಮೇಲೆ ಏರಿಯ ಮೇಲೆ ನಡೆದದ್ದನ್ನು ಬೇರೆ ಪಟ್ಟಿಯಾಗಿ, ಶುರುವಾದ ಹೊತ್ತು ಮತ್ತು ಅವಧಿಯ ಸಮೇತ ಹಾಕಲಿ. ಮಂಜಿತ್ತೆಂದು ಟಿಪ್ಪಣಿಯಲ್ಲಿ ಬರೆಯಿರಿ. ಇಲ್ಲದಿದ್ದರೆ ಮುಂದೆ ಓದುವವರಿಗೆ ಆ ದಿನ ಹಕ್ಕಿಗಳೇ ಕಡಿಮೆ ಇದ್ದವೆನಿಸುತ್ತದೆ. ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾ ಜಲಪಕ್ಷಿ ಗಣತಿ 1987ರಿಂದ ನಡೆದು ಬಂದಿದೆ. ನಿಮ್ಮೂರ ಕೆರೆಯನ್ನು ಯಾರೂ ಎಣಿಸುತ್ತಿಲ್ಲವಾದರೆ ಅದನ್ನು ವಹಿಸಿಕೊಳ್ಳಬಹುದು.

ಹೆಬ್ಬಾತುಗಳ ಕತ್ತುಗಳನ್ನು ಒಂದೊಂದಾಗಿ ನೋಡುತ್ತ ಹೋಗಿ. ಮಂಗೋಲಿಯದಲ್ಲಿ ಗುರುತಿಗೆಂದು ಕೊರಳಪಟ್ಟಿ ತೊಡಿಸಿದ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ ಅಂಕಿಗಳು, ಅಕ್ಷರದ ಬಣ್ಣ, ದಿನಾಂಕ, ಕೆರೆಯ ಹೆಸರು ಬರೆದುಕೊಂಡು, ಮಸುಕಾದರೂ ಸರಿ ಒಂದು ಫೋಟೊ ಜೊತೆ ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ಒಂದು ಅಂಕಿ ಸಂಶಯವಿದ್ದರೆ ಊಹಿಸಿ ತುಂಬಬೇಡಿ, ಆ ಜಾಗದಲ್ಲಿ ಪ್ರಶ್ನಾರ್ಥಕ ಹಾಕಿ.

ಮನೆಗೆ ಬಂದ ಮೇಲೆ ಬೈನಾಕ್ಯುಲರ್, ಕ್ಯಾಮೆರಾಗಳನ್ನು ಚೀಲದೊಳಗೆ ಬಿಡಬೇಡಿ. ಮುಚ್ಚಳ ತೆಗೆದು ಫ್ಯಾನಿನ ಗಾಳಿಗೆ ಒಂದೆರಡು ಗಂಟೆ ಇಟ್ಟು, ಪೂರ್ತಿ ಒಣಗಿದ ಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಗೆ ಹಾಕಿ. ಒದ್ದೆಯಾಗಿಯೇ ಮುಚ್ಚಿಟ್ಟರೆ ಗಾಜಿನ ಮೇಲೆ ಬೂಷ್ಟು ಹಿಡಿಯುತ್ತದೆ, ಒಳಗೆ ಇಳಿದ ಬೂಷ್ಟನ್ನು ತೆಗೆಸಲು ರಿಪೇರಿಯವರು ಕೇಳುವ ಹಣಕ್ಕೆ ಎಷ್ಟೋ ಸಲ ಹೊಸದೇ ಬರುತ್ತದೆ.