ಹೋಮ್ ಪ್ಲೇಟ್ ಹಿಂದೆ ಹನ್ನೊಂದು ಬೇಸಿಗೆ

ಬೇಸ್‌ಬಾಲ್‌ನಲ್ಲಿ ಬ್ಯಾಟ್ ಹಿಡಿದವನ ಬೆನ್ನ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಪಿಚರ್ ಎಸೆಯುವ ಚೆಂಡುಗಳನ್ನೆಲ್ಲ ಹಿಡಿಯುವವನನ್ನು ಕ್ಯಾಚರ್ ಎನ್ನುತ್ತಾರೆ. 2009ರಿಂದ 2019ರವರೆಗೆ ಹನ್ನೊಂದು ಬೇಸಿಗೆಗಳಲ್ಲಿ, ಅಮೆರಿಕದ ಮೂರು ಸ್ವತಂತ್ರ ಲೀಗ್‌ಗಳ ಆರು ತಂಡಗಳಿಗೆ, ಸಂಬಳ ಪಡೆದು ನಾನು ಮಾಡಿದ್ದು ಇದೇ ಕೆಲಸ. ಬೇಸ್‌ಬಾಲ್‌ನ ಅತ್ಯುನ್ನತ ಮಟ್ಟವಾದ ಮೇಜರ್ ಲೀಗ್‌ನ 30 ತಂಡಗಳಿಗೂ ಅವುಗಳ ಕೆಳಗಿನ ಮೈನರ್ ಲೀಗ್‌ಗೂ ಸೇರದ ತಂಡಗಳು ಸ್ವತಂತ್ರ ಲೀಗ್‌ಗಳಲ್ಲಿ ಆಡುತ್ತವೆ. ಮೇಜರ್ ಲೀಗ್ ತಂಡಗಳು ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಯಾರೂ ಆರಿಸದವರು, ಮೈನರ್ ಲೀಗ್ ಕೈಬಿಟ್ಟವರು, ಒಂದು ಕಾಲದಲ್ಲಿ ಮೇಜರ್ ಲೀಗ್‌ನಲ್ಲಿ ಆಡಿ ಇನ್ನೊಂದು ಕರೆಗಾಗಿ ಕಾಯುತ್ತಿರುವವರು ಅಲ್ಲಿ ಒಂದೇ ಬಸ್ಸಿನಲ್ಲಿ ಕೂರುತ್ತಾರೆ. ನಾನು ಮೊದಲನೆಯ ಗುಂಪಿನವನು. ನನ್ನ ಬ್ಯಾಟಿಂಗ್ ಸರಾಸರಿ ಯಾವ ವರ್ಷವೂ .230 ದಾಟಲಿಲ್ಲ, ಅಂದರೆ ನಾಲ್ಕು ಸಲ ಬ್ಯಾಟ್ ಹಿಡಿದರೆ ಒಂದು ಹಿಟ್ ಕೂಡ ಖಾತರಿಯಿರಲಿಲ್ಲ. ಹಾಗಿದ್ದರೂ ಪ್ರತಿ ವಸಂತದಲ್ಲಿ ಯಾವುದಾದರೂ ಒಂದು ತಂಡ ನನ್ನನ್ನು ಕರೆಯುತ್ತಿತ್ತು. ಆ ಕರೆಗಳು ಹೇಗೆ ಬಂದವು ಎಂಬುದನ್ನು ಬರೆಯುವುದು ಇಲ್ಲಿ ನನ್ನ ಉದ್ದೇಶ.

ಶಿವಮೊಗ್ಗದಲ್ಲಿ ಹನ್ನೊಂದನೆಯ ವಯಸ್ಸಿನವರೆಗೆ ನಾನು ಟೆನಿಸ್ ಬಾಲ್ ಕ್ರಿಕೆಟ್‌ನಲ್ಲಿ ವಿಕೆಟ್ ಕೀಪರ್ ಆಗಿದ್ದೆ. 1998ರಲ್ಲಿ ಅಪ್ಪನ ಕೆಲಸದ ಕಾರಣಕ್ಕೆ ನಾವು ನ್ಯೂಜೆರ್ಸಿಗೆ ಹೋದೆವು. ಅಲ್ಲಿನ ಶಾಲೆಯಲ್ಲಿ ಕ್ರಿಕೆಟ್ ಇರಲಿಲ್ಲ. ಎದುರಿನಲ್ಲಿ ಬ್ಯಾಟ್ ಬೀಸಿದಾಗ ನಾನು ಕಣ್ಣು ಮುಚ್ಚಿಕೊಳ್ಳುವುದಿಲ್ಲ ಎಂಬುದನ್ನು ಗಮನಿಸಿದ ಬೇಸ್‌ಬಾಲ್ ಕೋಚ್ ಮುಖಕವಚ, ಎದೆಕವಚ, ಮೊಣಕಾಲಿನ ಕವಚಗಳನ್ನು ತಂದು ನನ್ನ ಮುಂದೆ ಇಟ್ಟರು. ಕೀಪಿಂಗ್ ಗೊತ್ತಿದ್ದರೆ ಇದು ಸುಲಭ ಎಂದು ನಾನೂ ಅಂದುಕೊಂಡೆ. ಕಲಿತದ್ದನ್ನು ಮರೆಯಲು ನನಗೆ ನಾಲ್ಕು ವರ್ಷ ಬೇಕಾಯಿತು.

ಒಳ್ಳೆಯ ಕೀಪರ್ ಚೆಂಡಿನ ಜೊತೆಗೇ ಕೈಯನ್ನು ಹಿಂದಕ್ಕೆ ಬಿಟ್ಟುಕೊಟ್ಟು ಅದರ ವೇಗವನ್ನು ಹೀರಿಕೊಳ್ಳುತ್ತಾನೆ. ಕ್ಯಾಚರ್ ಹೀಗೆ ಮಾಡಿದರೆ ಚೆಂಡಿನ ರಭಸಕ್ಕೆ ಮಿಟ್ (ಕ್ಯಾಚರ್‌ನ ದಪ್ಪ ಕೈಗವಸು) ಸ್ಟ್ರೈಕ್ ವಲಯದ, ಅಂದರೆ ಸರಿಯಾದ ಎಸೆತ ಹಾದುಬರಬೇಕಾದ ಕಾಲ್ಪನಿಕ ಚೌಕಟ್ಟಿನ, ಆಚೆಗೆ ಜಾರುತ್ತದೆ, ಹಿಂದೆ ಬಗ್ಗಿ ನಿಂತ ಅಂಪೈರ್ ಅದನ್ನು ನೋಡಿ ಸ್ಟ್ರೈಕ್ ಎನ್ನುವ ಬದಲು ಬಾಲ್, ಅಂದರೆ ವಲಯದ ಹೊರಗಿನ ಎಸೆತ, ಎಂದು ತೀರ್ಪು ಕೊಡುತ್ತಾರೆ. ಬ್ಯಾಟರ್ ಪಕ್ಕದಲ್ಲಿ ನೆಲಕ್ಕೆ ಹೂತಿಟ್ಟ ಬಿಳಿ ಫಲಕವಾದ ಹೋಮ್ ಪ್ಲೇಟಿನ ಅಗಲ 17 ಇಂಚು ಮಾತ್ರ. ಅದರ ಅಂಚನ್ನು ಸವರಿಕೊಂಡು ಬರುವ, ಮೊಣಕಾಲಿನ ಮಟ್ಟದಲ್ಲಿ ಇಳಿಯುವ ಚೆಂಡುಗಳಲ್ಲಿಯೇ ಪಂದ್ಯದ ಗತಿ ಅಡಗಿರುತ್ತದೆ. ಕೆಳಗೆ ಬರುವ ಚೆಂಡಿಗೆ ಮಿಟ್ಟನ್ನು ಮೊದಲೇ ನೆಲದ ಹತ್ತಿರ ಇಳಿಸಿ, ಅಲ್ಲಿಂದ ಮೇಲಕ್ಕೆ ಬರುತ್ತಾ ಚೆಂಡನ್ನು ಎದುರುಗೊಳ್ಳಬೇಕು. ಹಿಡಿದಮೇಲೆ ಎತ್ತಿದರೆ ಅದು ಮೋಸವಾಗಿ ಕಾಣುತ್ತದೆ, ಹಿಡಿಯುವಾಗಲೇ ಎತ್ತಿದರೆ ಚೆಂಡು ಇದ್ದದ್ದೇ ಅಲ್ಲಿ ಎನ್ನಿಸುತ್ತದೆ. ಇದಕ್ಕೆ ಫ್ರೇಮಿಂಗ್ ಎಂಬ ಹೆಸರಿದೆ. ಕಾಲೇಜಿನ ನಾಲ್ಕು ಚಳಿಗಾಲಗಳಲ್ಲಿ ಜಿಮ್‌ನ ಗೋಡೆಯೆದುರು ಎಡಗೈಯಲ್ಲಿ ಒಂದು ಕಿಲೋ ತೂಕದ ಚೆಂಡನ್ನು ಹಿಡಿದು ನಾನು ಈ ಒಂದೇ ಚಲನೆಯನ್ನು ಅಭ್ಯಾಸ ಮಾಡಿದೆ.

ಪುಟಿದು ಬರುವ ಚೆಂಡಿನ ವಿಷಯವೂ ಹೀಗೆಯೇ. ಕೀಪರ್ ಅದನ್ನು ಹಿಡಿಯುತ್ತಾನೆ, ಕ್ಯಾಚರ್ ಹಿಡಿಯುವ ಆಸೆಯನ್ನೇ ಬಿಡಬೇಕು. ಎರಡೂ ಮಂಡಿಗಳನ್ನು ನೆಲಕ್ಕೆ ಊರಿ, ಗದ್ದವನ್ನು ಎದೆಗೆ ಒತ್ತಿ, ಹೆಗಲುಗಳನ್ನು ಮುಂದಕ್ಕೆ ಬಾಗಿಸಿ, ಚೆಂಡು ಮೈಗೆ ಬಡಿದು ಎದುರಿನಲ್ಲೇ ಬೀಳುವಂತೆ ಮಾಡಬೇಕು. ಮೈ ಬಿಗಿಹಿಡಿದರೆ ಚೆಂಡು ದೂರ ಚಿಮ್ಮುತ್ತದೆ, ಉಸಿರು ಬಿಟ್ಟು ಸಡಿಲವಾದರೆ ಕಾಲಬುಡದಲ್ಲಿ ನಿಲ್ಲುತ್ತದೆ. ಕೀಪರ್‌ನ ಕೈಗಳು ಇದಕ್ಕೆ ಒಪ್ಪುವುದೇ ಇಲ್ಲ, ಅವು ಚೆಂಡಿನ ಕಡೆಗೆ ಹೋಗುತ್ತಲೇ ಇರುತ್ತವೆ.

ಎಸೆತದಲ್ಲಿ ನಾನು ಸಾಧಾರಣ. ಪಿಚರ್ ಎಸೆಯುವಾಗಲೇ ಓಟಗಾರ ಮುಂದಿನ ಬೇಸ್‌ಗೆ (ಅವನು ಮುಟ್ಟಬೇಕಾದ ತಾಣಕ್ಕೆ) ಓಡಿದರೆ, ಕ್ಯಾಚರ್ ಎಸೆದ ಚೆಂಡು ಅವನಿಗಿಂತ ಮೊದಲು ಅಲ್ಲಿ ಸೇರಬೇಕು. ಹೋಮ್ ಪ್ಲೇಟಿನಿಂದ ಎರಡನೆಯ ಬೇಸ್‌ಗೆ 127 ಅಡಿ 3 ಇಂಚು. ಚೆಂಡು ಮಿಟ್ಟಿಗೆ ಬಡಿದ ಕ್ಷಣದಿಂದ ಅಲ್ಲಿ ಕಾಯುತ್ತಿರುವವನ ಕೈ ಸೇರುವವರೆಗೆ ಒಳ್ಳೆಯ ಕ್ಯಾಚರ್‌ಗೆ ಎರಡು ಸೆಕೆಂಡು ಹಿಡಿಯುತ್ತದೆ. ನನಗೆ 2.05 ಬೇಕಾಗುತ್ತಿತ್ತು. ಪಿಚರ್ 1.3 ಸೆಕೆಂಡಿನಲ್ಲಿ ಚೆಂಡನ್ನು ನನಗೆ ತಲುಪಿಸಿದರೆ ಓಟಗಾರ ಔಟಾಗುವ ಸಾಧ್ಯತೆ ಇರುತ್ತದೆ, ಅವನೇ 1.5 ತೆಗೆದುಕೊಂಡರೆ ಯಾವ ಕ್ಯಾಚರ್‌ನಿಂದಲೂ ಏನೂ ಆಗುವುದಿಲ್ಲ. ಈ ಲೆಕ್ಕ ಅರ್ಥವಾದ ಮೇಲೆ ನಾನು ನನ್ನ ತೋಳಿನ ಬಗ್ಗೆ ಕೊರಗುವುದನ್ನು ಬಿಟ್ಟು ಪಿಚರ್‌ಗಳ ಕಾಲಿನ ಚಲನೆಯನ್ನು ಗಮನಿಸತೊಡಗಿದೆ.

ನನ್ನ ಮೊದಲ ಸಂಬಳ ತಿಂಗಳಿಗೆ 700 ಡಾಲರ್. ವಾಸ ಒಂದು ವೃದ್ಧ ದಂಪತಿಯ ಮನೆಯ ನೆಲಮಾಳಿಗೆಯಲ್ಲಿ; ಆಟಗಾರರನ್ನು ಹೀಗೆ ಬೇಸಿಗೆಯ ಮಟ್ಟಿಗೆ ಉಚಿತವಾಗಿ ಇರಿಸಿಕೊಳ್ಳುವ ಮನೆಗಳು ಇಲ್ಲದಿದ್ದರೆ ಸ್ವತಂತ್ರ ಲೀಗ್‌ಗಳು ಉಳಿಯುತ್ತಿದ್ದವೆಂದು ನನಗೆ ಅನ್ನಿಸುವುದಿಲ್ಲ. ಚಳಿಗಾಲದಲ್ಲಿ ಗೋದಾಮಿನಲ್ಲಿ ದುಡಿದೆ, ಶಾಲೆಗಳಲ್ಲಿ ಬದಲಿ ಶಿಕ್ಷಕನಾದೆ. ಅಮ್ಮ ಫೋನಿನಲ್ಲಿ, “ಕೂತು ಕೂತು ಮಂಡಿ ಸವೀತಾವೆ ಕಣೋ, ಮುಂದೆ ನಡೆಯೋದು ಹೇಗೆ?” ಎಂದು ಕೇಳುತ್ತಿದ್ದರು. ಕೊನೆಗೆ ಕೈಕೊಟ್ಟದ್ದು ಮಂಡಿಯಲ್ಲ, ಎಡಗೈ ಹೆಬ್ಬೆರಳು. ಗಂಟೆಗೆ 90 ಮೈಲಿ ವೇಗದಲ್ಲಿ ಒಳಕ್ಕೆ ತಿರುಗಿ ಇಳಿಯುವ ಸಿಂಕರ್‌ಗಳು ಅದನ್ನು ಹಿಂದಕ್ಕೆ ಬಾಗಿಸಿ ಬಾಗಿಸಿ, ಇಂದಿಗೂ ನಾನು ಡಬ್ಬಿಯ ಮುಚ್ಚಳವನ್ನು ಬಲಗೈಯಲ್ಲೇ ತಿರುಗಿಸಬೇಕು.

2012ರ ಜುಲೈನಲ್ಲಿ ಒಂದು ತಂಡ ನನ್ನನ್ನು ಕೈಬಿಟ್ಟಿತು. ಊಟದ ಹೊತ್ತಿಗೆ ಫೋನ್ ಬಂತು, ಸಂಜೆಯೊಳಗೆ ಲಾಕರ್ ಖಾಲಿ ಮಾಡಬೇಕಿತ್ತು. ನಾಲ್ಕು ದಿನಗಳ ನಂತರ ಬೇರೊಂದು ರಾಜ್ಯದ ತಂಡದಿಂದ ಕರೆ ಬಂತು. ಅಲ್ಲಿನ ಮ್ಯಾನೇಜರ್ ನನ್ನ ಆಟವನ್ನು ನೋಡಿಯೇ ಇರಲಿಲ್ಲ. ಹಿಂದಿನ ವರ್ಷ ನನ್ನ ಮಿಟ್ಟಿಗೆ ಚೆಂಡೆಸೆದಿದ್ದ ಡೊಮಿನಿಕನ್ ಪಿಚರ್ ಒಬ್ಬ ಆ ತಂಡದಲ್ಲಿದ್ದು, ನನ್ನನ್ನೇ ಕರೆಸಿ ಎಂದು ಕೇಳಿದ್ದನಂತೆ. ನನ್ನ ಜೀವನೋಪಾಯ ಯಾವುದರ ಮೇಲೆ ನಿಂತಿದೆ ಎಂಬುದು ನನಗೆ ಸ್ಪಷ್ಟವಾದದ್ದು ಆ ದಿನ. ಅಲ್ಲಿಂದ ಮುಂದೆ ಪ್ರತಿ ಪಿಚರ್‌ಗೂ ಒಂದು ನೋಟ್‌ಬುಕ್ಕನ್ನು ಮೀಸಲಿಟ್ಟೆ. ಯಾವ ಚೆಂಡು ಯಾವ ಸ್ಥಿತಿಯಲ್ಲಿ ಕೆಲಸ ಮಾಡಿತು ಎಂಬುದರ ಜೊತೆಗೆ, ದಣಿದಾಗ ಅವನ ಮೊಣಕೈ ಎಷ್ಟು ಇಳಿಯುತ್ತದೆ, ಸಿಟ್ಟು ಬಂದಾಗ ಚೆಂಡನ್ನು ಹೇಗೆ ಉಜ್ಜುತ್ತಾನೆ, ಹೊಗಳಿಕೆ ಅವನಿಗೆ ಹಿಡಿಸುತ್ತದೆಯೇ ಅಥವಾ ಮೌನವೇ ಎಂಬುದನ್ನೂ ಬಸ್ಸಿನ ದೀಪದಲ್ಲಿ ಬರೆದಿಡುತ್ತಿದ್ದೆ. ಸ್ಪ್ಯಾನಿಷ್ ಕಲಿತೆ, ಕನ್ನಡ, ಉರ್ದು, ತಮಿಳುಗಳನ್ನು ಒಂದೇ ಬೀದಿಯಲ್ಲಿ ಕೇಳಿ ಬೆಳೆದವನಿಗೆ ಇನ್ನೊಂದು ಭಾಷೆ ಭಾರವೆನಿಸಲಿಲ್ಲ.

ನಮ್ಮಂಥವರೆಲ್ಲರ ಕಣ್ಣು ಎರಿಕ್ ಕ್ರಾಟ್ಸ್ ಎಂಬ ಕ್ಯಾಚರ್ ಮೇಲಿತ್ತು. 2002ರ ಡ್ರಾಫ್ಟ್‌ನ 29ನೆಯ ಸುತ್ತಿನಲ್ಲಿ ಆಯ್ಕೆಯಾದ ಅವರು ಮೇಜರ್ ಲೀಗ್ ಮೈದಾನಕ್ಕೆ ಕಾಲಿಟ್ಟದ್ದು 2010ರಲ್ಲಿ, 30ನೆಯ ವಯಸ್ಸಿನಲ್ಲಿ. ಆಮೇಲೆ ತಂಡದಿಂದ ತಂಡಕ್ಕೆ ತಿರುಗುತ್ತಲೇ ಇದ್ದು, 2018ರಲ್ಲಿ, 38ನೆಯ ವಯಸ್ಸಿನಲ್ಲಿ, ಮಿಲ್ವಾಕಿ ಪರವಾಗಿ ಮೊದಲ ಬಾರಿ ಪ್ಲೇ ಆಫ್ ಪಂದ್ಯ ಆಡಿದರು. ಮೇಜರ್ ಲೀಗ್ ಕ್ಯಾಚರ್ ಹೊಸೆ ಮೊಲಿನಾ ಅವರ ಉದಾಹರಣೆಯೂ ನಮಗೆ ಧೈರ್ಯ ಕೊಡುತ್ತಿತ್ತು. ಅವರ ಬ್ಯಾಟ್ ದುರ್ಬಲವಾಗಿದ್ದರೂ, ಚೆಂಡಿನ ಹಾದಿಯನ್ನು ಅಳೆಯುವ ಕ್ಯಾಮೆರಾಗಳು ಬಂದಮೇಲೆ ಫ್ರೇಮಿಂಗ್‌ನ ಬೆಲೆ ಅಂಕಿಗಳಲ್ಲಿ ಕಾಣತೊಡಗಿ, ಟ್ಯಾಂಪಾ ಬೇ ತಂಡ ಅವರಿಗೆ ಮಣೆ ಹಾಕಿತು.

ನನ್ನ ಕೊನೆಯ ಬೇಸಿಗೆ ಅಟ್ಲಾಂಟಿಕ್ ಲೀಗ್‌ನಲ್ಲಿ ಕಳೆಯಿತು. 2019ರಲ್ಲಿ ಮೇಜರ್ ಲೀಗ್ ತನ್ನ ಹೊಸ ನಿಯಮಗಳನ್ನು ಆ ಲೀಗ್‌ನಲ್ಲಿ ಪರೀಕ್ಷೆಗೆ ಒಡ್ಡಿತು. ಋತುವಿನ ಎರಡನೆಯ ಅರ್ಧದಲ್ಲಿ ರೇಡಾರ್ ಚೆಂಡನ್ನು ಅಳೆದು ಅಂಪೈರ್‌ನ ಕಿವಿಯಲ್ಲಿ ಬಾಲ್ ಅಥವಾ ಸ್ಟ್ರೈಕ್ ಎಂದು ಹೇಳುತ್ತಿತ್ತು. ಇಪ್ಪತ್ತು ವರ್ಷ ತಿದ್ದಿ ತೀಡಿದ ನನ್ನ ಎಡಗೈಯ ಚಲನೆಗೆ ಒಂದೇ ದಿನದಲ್ಲಿ ಅರ್ಥವಿಲ್ಲದಂತಾಯಿತು. ಮಿಟ್ಟನ್ನು ಹೇಗೆ ಹಿಡಿದರೂ, ಕೊನೆಗೆ ಚೆಂಡು ಕೈಜಾರಿದರೂ, ವಲಯದೊಳಗೆ ಹಾದುಬಂದಿದ್ದರೆ ಅದು ಸ್ಟ್ರೈಕ್. ನನಗೆ ದುಃಖವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಅದೇ ಅವಧಿಯಲ್ಲಿ ಇನ್ನೊಂದು ನಿಯಮವೂ ಬಂತು: ಯಾವುದೇ ಎಸೆತ ಕ್ಯಾಚರ್ ಕೈತಪ್ಪಿ ನೆಲಕ್ಕೆ ಬಿದ್ದರೂ ಬ್ಯಾಟರ್ ಮೊದಲನೆಯ ಬೇಸ್‌ಗೆ ಓಡಬಹುದಿತ್ತು. ಹೀಗಾಗಿ ಮೈಯೊಡ್ಡಿ ಚೆಂಡು ತಡೆಯುವ ವಿದ್ಯೆಗೆ ಎಂದೂ ಇಲ್ಲದ ಬೆಲೆ ಬಂತು. ನಾನು ಕಾಲೇಜಿನ ಹುಡುಗನಂತೆ ಮತ್ತೆ ದಿನಕ್ಕೆ ನೂರು ಚೆಂಡುಗಳನ್ನು ಎದೆಗೆ ಬಡಿಸಿಕೊಂಡೆ. ಪಿಚರ್ ಬದಲಾವಣೆ ಅಥವಾ ಗಾಯದ ಕಾರಣವಿಲ್ಲದೆ ಪಿಚರ್ ನಿಲ್ಲುವ ದಿಬ್ಬಕ್ಕೆ ಹೋಗಿ ಅವನ ಜೊತೆ ಮಾತಾಡುವುದನ್ನೂ ಆ ವರ್ಷ ನಿಷೇಧಿಸಿದ್ದರು. ಅದಕ್ಕೂ ನಾವು ಉಪಾಯ ಕಂಡುಕೊಂಡೆವು: ಚೆಂಡನ್ನು ನಿಧಾನವಾಗಿ ಮರಳಿ ಎಸೆದರೆ ಸಮಾಧಾನ ತಂದುಕೋ ಎಂದು, ಜೋರಾಗಿ ಎಸೆದರೆ ಎಚ್ಚರಗೊಳ್ಳು ಎಂದು, ಮುಖಕವಚ ಎತ್ತಿ ಮುಖ ತೋರಿಸಿದರೆ ನನ್ನನ್ನೊಮ್ಮೆ ನೋಡು ಎಂದು ಅರ್ಥ. ನೋಟ್‌ಬುಕ್ಕುಗಳು ಇಲ್ಲದಿದ್ದರೆ ಯಾರಿಗೆ ಯಾವಾಗ ಯಾವುದು ಬೇಕು ಎಂದು ನನಗೆ ತಿಳಿಯುತ್ತಿರಲಿಲ್ಲ.

2020ರ ಋತು ಕೋವಿಡ್‌ನಿಂದ ರದ್ದಾಯಿತು. ನನಗಾಗ 33 ವರ್ಷ, ಮುಂದಿನ ವರ್ಷಕ್ಕಾಗಿ ನಾನು ಕಾಯಲಿಲ್ಲ.

ಈಗ ಹತ್ತರಿಂದ ಹದಿನೇಳು ವಯಸ್ಸಿನ ಮಕ್ಕಳಿಗೆ ಕ್ಯಾಚಿಂಗ್ ಕಲಿಸುತ್ತೇನೆ. ಹೊಸಬರಿಗೆ ಮೊದಲ ತಿಂಗಳು ಮಿಟ್ ಕೊಡುವುದಿಲ್ಲ, ಬರಿಗೈಯಲ್ಲಿ ಟೆನಿಸ್ ಚೆಂಡು ಹಿಡಿಯಬೇಕು. ಹೆಬ್ಬೆರಳನ್ನು ಕೆಳಮುಖವಾಗಿ ಇಟ್ಟುಕೊಳ್ಳುವ ಅಭ್ಯಾಸ ಆಗಲೇ ಆಗಬೇಕು, ನನ್ನ ಹೆಬ್ಬೆರಳಿನ ಗತಿ ಅವರಿಗೆ ಬರಬಾರದು. ಯಂತ್ರವೇ ತೀರ್ಪು ಕೊಡುವುದಾದರೆ ಫ್ರೇಮಿಂಗ್ ಯಾಕೆ ಕಲಿಯಬೇಕು ಎಂದು ತಂದೆತಾಯಂದಿರು ಕೇಳುತ್ತಾರೆ. 2026ರಿಂದ ಮೇಜರ್ ಲೀಗ್ ಒಪ್ಪಿಕೊಂಡಿರುವುದು ಪೂರ್ತಿ ಯಂತ್ರವನ್ನಲ್ಲ. ಅಂಪೈರ್ ತೀರ್ಪನ್ನು ಪ್ರಶ್ನಿಸುವ ಅವಕಾಶ ಆರಂಭದಲ್ಲಿ ಪ್ರತಿ ತಂಡಕ್ಕೆ ಎರಡು, ಪ್ರಶ್ನೆ ಸರಿಯಾಗಿದ್ದರೆ ಅವಕಾಶ ಉಳಿಯುತ್ತದೆ. ಬ್ಯಾಟರ್, ಪಿಚರ್, ಕ್ಯಾಚರ್ ಈ ಮೂವರಲ್ಲಿ ಒಬ್ಬರು ಯಾರನ್ನೂ ಕೇಳದೆ ತಕ್ಷಣ ಟೋಪಿ ಅಥವಾ ಹೆಲ್ಮೆಟ್ ತಟ್ಟಿ ತಿಳಿಸಬೇಕು. ಉಳಿದ ಎಸೆತಗಳೆಲ್ಲ ಇನ್ನೂ ಮನುಷ್ಯನ ಕಣ್ಣಿಗೇ ಸೇರಿದವು. ಆದ್ದರಿಂದ ನನ್ನ ಪಾಠಕ್ಕೆ ಒಂದು ಹೊಸ ಅಭ್ಯಾಸ ಸೇರಿದೆ. ಚೆಂಡು ಹಿಡಿದ ಕೂಡಲೇ ಮಗು ಮಿಟ್ಟನ್ನು ಅಲುಗಿಸದೆ, ವಲಯದೊಳಗೋ ಹೊರಗೋ, ಹೊರಗಾದರೆ ಎಷ್ಟು ಇಂಚು ಎಂದು ಜೋರಾಗಿ ಹೇಳಬೇಕು. ಆಮೇಲೆ ಇಬ್ಬರೂ ಸೇರಿ ಕ್ಯಾಮೆರಾ ನೋಡುತ್ತೇವೆ. ಕಳೆದ ವಾರ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಇಪ್ಪತ್ತು ಎಸೆತಗಳಲ್ಲಿ ಹದಿನೇಳನ್ನು ಸರಿಯಾಗಿ ಹೇಳಿದಳು. ನನ್ನ ಲೆಕ್ಕ ಹದಿನಾರಕ್ಕೆ ನಿಂತಿತು.