ಚಾಕುವಿಗೆ ಮರದ ಹಿಡಿ: ಬಿಡದಂತೆ ಅಂಟಿಸುವುದು ಹೇಗೆ?

ಕೈಯಲ್ಲಿ ಮಾಡಿದ ಚಾಕುವಿನ ಹಿಡಿ ಅಲ್ಲಾಡತೊಡಗಿದರೆ ಎಲ್ಲರೂ ದೂರುವುದು ಅಂಟನ್ನು. ಕಿತ್ತುಬಂದ ಹಿಡಿಯನ್ನು ತಿರುಗಿಸಿ ನೋಡಿದರೆ ಸಾಮಾನ್ಯವಾಗಿ ಕಾಣುವುದು ಬೇರೆಯೇ ತಪ್ಪು: ಉಕ್ಕಿನ ಮೇಲೆ ಉಳಿದ ಜಿಡ್ಡು, ಒಣಗದ ಮರ, ಅತಿಯಾಗಿ ಬಿಗಿದ ಕ್ಲ್ಯಾಂಪು. ಅಂಟು ಹಚ್ಚುವುದು ಹತ್ತು ನಿಮಿಷದ ಕೆಲಸ. ಅದಕ್ಕೆ ಮೊದಲಿನ ತಯಾರಿಗೆ ಅರ್ಧ ದಿನ ಬೇಕು.

ಇಲ್ಲಿ ಹೇಳುತ್ತಿರುವುದು ಅಡುಗೆಮನೆಯ ಚಾಕುವಿನ ಬಗ್ಗೆ. ಇದರಲ್ಲಿ ಅಲಗಿನ ಉಕ್ಕೇ ಹಿಡಿಯ ತುದಿಯವರೆಗೆ ಬಾಲದಂತೆ ಚಾಚಿರುತ್ತದೆ, ಅದರ ಎರಡೂ ಮಗ್ಗುಲಿಗೆ ಮರದ ಪಟ್ಟಿ ಕೂರುತ್ತದೆ. ಹಳ್ಳಿಯ ಕತ್ತಿಗೆ ಹಿಡಿ ಹಾಕುವ ರೀತಿ ಬೇರೆ. ಅಲ್ಲಿ ಚೂಪಾದ ಬಾಲವನ್ನು ಕಾಯಿಸಿ ಮರದ ತೂತಿಗೆ ಇಳಿಸುತ್ತಾರೆ, ಮರ ಸೀಳದಂತೆ ಬಾಯಿಗೆ ಕಬ್ಬಿಣದ ಬಳೆ ತೊಡಿಸುತ್ತಾರೆ.

ಮರ, ಪಿನ್ನು, ಅಂಟು

3 ಮಿ.ಮೀ. ದಪ್ಪ, 110 ಮಿ.ಮೀ. ಉದ್ದ, 25 ಮಿ.ಮೀ. ಅಗಲದ ಬಾಲಕ್ಕೆ 120 × 30 × 8 ಮಿ.ಮೀ. ಅಳತೆಯ ಎರಡು ಪಟ್ಟಿಗಳು ಸಾಕು. ಎರಡನ್ನೂ ಒಂದೇ ತುಂಡಿನಿಂದ, ಎಳೆ ಉದ್ದಕ್ಕೆ ಬರುವಂತೆ ಕೊಯ್ಯಿರಿ. ಬೀಟೆ, ಸಾಗುವಾನಿ, ಹೊನ್ನೆ, ಹಲಸು ಯಾವುದಾದರೂ ಆಗುತ್ತದೆ. ಪೀಠೋಪಕರಣ ಮಾಡುವಲ್ಲಿ ಉಳಿಯುವ ಚೂರುಗಳೇ ಸಾಕಾಗುತ್ತವೆ. ಒಣಗಿದೆಯೇ ಎಂದು ತಿಳಿಯಲು ವಾರಕ್ಕೊಮ್ಮೆ ತೂಗಿ. ಎರಡು ವಾರ ತೂಕ ಇಳಿಯದಿದ್ದರೆ ಕೆಲಸಕ್ಕೆ ತೆಗೆದುಕೊಳ್ಳಬಹುದು. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಮರ ಗಾಳಿಯ ತೇವ ಹೀರಿ ಉಬ್ಬಿರುತ್ತದೆ. ಆಗ ಕೂರಿಸಿದ ಪಟ್ಟಿ ಬೇಸಿಗೆಯಲ್ಲಿ ಕುಗ್ಗಿ, ಉಕ್ಕಿನ ಅಂಚು ಹೊರಚಾಚಿ ಕೈಗೆ ಚುಚ್ಚುತ್ತದೆ.

ಎರಡು ಪಟ್ಟಿಗಳನ್ನೂ ನಡುವಿನ ಬಾಲವನ್ನೂ ತೂರಿ ಹಿಡಿಯುವ ಪಿನ್ನಿಗೆ 4 ಮಿ.ಮೀ. ಹಿತ್ತಾಳೆ ಕಡ್ಡಿ, ಅಂಟಿಗೆ ನಿಧಾನವಾಗಿ ಗಟ್ಟಿಯಾಗುವ ಎರಡು ಟ್ಯೂಬಿನ ಎಪಾಕ್ಸಿ. ಐದು ನಿಮಿಷದ ಎಪಾಕ್ಸಿ ಈ ಕೆಲಸಕ್ಕೆ ಬೇಡ. ಎರಡನೇ ಪಟ್ಟಿ ಕೂರಿಸುವಷ್ಟರಲ್ಲಿ ಅದು ಗಟ್ಟಿಯಾಗತೊಡಗುತ್ತದೆ, ನೀರಿಗೂ ಬಿಸಿಗೂ ಅಷ್ಟು ತಡೆಯುವುದಿಲ್ಲ.

ತೂತು ಕೊರೆಯುವುದು

ಬಾಲದ ತೂತುಗಳನ್ನು ಅಲಗಿಗೆ ಹದ ಹಾಕುವ (ಕಾಯಿಸಿ ತಣಿಸಿ ಗಡಸು ಮಾಡುವ) ಮೊದಲೇ ಕೊರೆದಿರಬೇಕು. ಹದವಾದ ಉಕ್ಕಿಗೆ ಸಾಮಾನ್ಯ ಡ್ರಿಲ್ ಬಿಟ್ ಇಳಿಯುವುದಿಲ್ಲ, ತುದಿ ಸುಟ್ಟುಹೋಗುತ್ತದೆ. 4 ಮಿ.ಮೀ. ಪಿನ್ನಿಗೆ ಬಾಲದಲ್ಲಿ 4.2 ಮಿ.ಮೀ. ತೂತು ಇರಲಿ. ಪಿನ್ನಿನ ಎರಡು ತೂತುಗಳ ಜೊತೆಗೆ ನಡುವೆ ಇನ್ನೂ ಮೂರ್ನಾಲ್ಕು ತೂತು ಕೊರೆಯುವುದು ಒಳ್ಳೆಯದು. ಅವುಗಳೊಳಗೆ ತುಂಬಿದ ಅಂಟು ಎರಡೂ ಪಟ್ಟಿಗಳನ್ನು ಸೇತುವೆಯಂತೆ ಜೋಡಿಸುತ್ತದೆ.

ಮೊದಲ ಪಟ್ಟಿಯನ್ನು ಬಾಲಕ್ಕೆ ಕ್ಲ್ಯಾಂಪು ಹಾಕಿ, ಬಾಲದ ತೂತಿನ ಮೂಲಕವೇ 4 ಮಿ.ಮೀ. ಬಿಟ್ಟಿನಿಂದ ಮರ ಕೊರೆಯಿರಿ. ಕೆಳಗೊಂದು ಬೇಡದ ಹಲಗೆ ಇಡಿ, ಇಲ್ಲದಿದ್ದರೆ ಡ್ರಿಲ್ ಬಿಟ್ ಹೊರಬರುವಲ್ಲಿ ಮರ ಸಿಗಿಯುತ್ತದೆ. ಒಂದು ತೂತು ಆದೊಡನೆ ಅದರಲ್ಲಿ ಪಿನ್ನು ತೂರಿಸಿ, ಆಮೇಲೆ ಇನ್ನೊಂದು ಕೊರೆಯಿರಿ; ಪಟ್ಟಿ ಜರುಗುವುದಿಲ್ಲ. ಎರಡನೇ ಪಟ್ಟಿಗೂ ಇದೇ ಕ್ರಮ. ಸ್ಟ್ಯಾಂಡಿಗೆ ಕೂರಿಸಿದ ಡ್ರಿಲ್ ಇದ್ದರೆ ಉತ್ತಮ. ಕೈ ಡ್ರಿಲ್ ಸ್ವಲ್ಪ ವಾಲಿದರೂ ಪಿನ್ನು ಮೂರೂ ಪದರ ದಾಟುವುದಿಲ್ಲ, ಸುತ್ತಿಗೆಯಲ್ಲಿ ಹೊಡೆದರೆ ಮರ ಸೀಳುತ್ತದೆ.

ಅಂಟಿಗೆ ಮೊದಲು

ಪಟ್ಟಿಗಳ ಒಳಮೈಯನ್ನು ಗಾಜಿನ ಮೇಲೆ ಹರಡಿದ 80 ನಂಬರಿನ ಎಮರಿ ಕಾಗದದಲ್ಲಿ ಸಮತಟ್ಟು ಮಾಡಿ. ಉಕ್ಕನ್ನೂ ಅದೇ ಕಾಗದದಲ್ಲಿ ಅಡ್ಡಡ್ಡ ಉಜ್ಜಿ. ಫಳಫಳ ಹೊಳೆಯುವ ಉಕ್ಕಿಗೆ ಎಪಾಕ್ಸಿ ಹಿಡಿಯುವುದಿಲ್ಲ, ಅದಕ್ಕೆ ಗೀರು ಬೇಕು. ಅಂಟು ಹಚ್ಚದೆ ಹಾಗೆಯೇ ಜೋಡಿಸಿ, ಬೆಳಕಿಗೆ ಎತ್ತಿ ಹಿಡಿಯಿರಿ. ಸಂದಿನಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜಬೇಕು. ಕ್ಲ್ಯಾಂಪು ಬಿಗಿದರೆ ಸಂದು ಮುಚ್ಚುತ್ತದೆ ಎಂದುಕೊಳ್ಳಬೇಡಿ. ಬಾಗಿಸಿ ಕೂರಿಸಿದ ಮರ ದಿನವೂ ಅಂಟನ್ನು ಎಳೆಯುತ್ತಲೇ ಇರುತ್ತದೆ.

ಅನೇಕರು ಮರೆಯುವ ಹೆಜ್ಜೆ ಒಂದಿದೆ. ಅಲಗಿನ ಕಡೆಗಿರುವ ಪಟ್ಟಿಗಳ ಮುಂತುದಿಯನ್ನು ಈಗಲೇ ಪೂರ್ತಿ ಮುಗಿಸಬೇಕು. ಬಾಲವಿಲ್ಲದೆ ಎರಡೂ ಪಟ್ಟಿಗಳನ್ನು ಪಿನ್ನಿನಲ್ಲಿ ಸೇರಿಸಿ, ಅರದಲ್ಲಿ ಆಕಾರ ಕೊಟ್ಟು, 400 ನಂಬರಿನವರೆಗೆ ನುಣುಪು ಮಾಡಿ. ಅಂಟಿಸಿದ ಮೇಲೆ ಅಲ್ಲಿ ಅರ ಆಡಿಸಿದರೆ ಅಲಗಿಗೆ ಗೀರು ಬೀಳುತ್ತದೆ.

ಪಿನ್ನುಗಳನ್ನು ಹಿಡಿಯ ದಪ್ಪಕ್ಕಿಂತ 5 ಮಿ.ಮೀ. ಉದ್ದವಾಗಿ ಕತ್ತರಿಸಿ, ತುದಿ ಮೊಂಡು ಮಾಡಿ, ಮೈಗೆ ಎಮರಿಯಲ್ಲಿ ಗೀರು ಹಾಕಿ. ಅಲಗಿಗೆ ರಟ್ಟು ಸುತ್ತಿ ಟೇಪು ಹಾಕಿ. ಇದು ನಿಮ್ಮ ಕೈಯ ರಕ್ಷಣೆಗೂ ಹೌದು.

ಕೊನೆಯದಾಗಿ ಬಾಲ, ಪಿನ್ನು, ಪಟ್ಟಿಗಳ ಒಳಮೈ ಎಲ್ಲವನ್ನೂ ಅಸಿಟೋನಿನಲ್ಲಿ ಒರೆಸಿ. ಬಿಳಿ ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೂ ಒರೆಸಬೇಕು. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ ಬೆರೆಸಿರುವುದುಂಟು. ಬೀಟೆ, ಸಾಗುವಾನಿಗಳಲ್ಲಿ ಮರದ್ದೇ ಜಿಡ್ಡು ಇರುತ್ತದೆ. ಒರೆಸಿ ಬಿಟ್ಟರೆ ಸ್ವಲ್ಪ ಹೊತ್ತಿಗೆ ಮತ್ತೆ ಮೇಲೆ ಬರುತ್ತದೆ, ಆದ್ದರಿಂದ ಒರೆಸಿ ಆರಿದ ಕೂಡಲೇ ಅಂಟಿಸಿ. ಅಸಿಟೋನ್ ಬೇಗ ಹೊತ್ತಿಕೊಳ್ಳುವ ದ್ರವ, ಒಲೆಯ ಹತ್ತಿರ ಬೇಡವೇ ಬೇಡ.

ಅಂಟಿಸುವುದು

ಕೈಗವಸು ಹಾಕಿಕೊಳ್ಳಿ. ಲೆಕ್ಕಕ್ಕೆ ಎರಡು ಮಗ್ಗುಲಿಗೆ ಸೇರಿ 2 ಗ್ರಾಂ ಅಂಟೂ ಬೇಕಾಗುವುದಿಲ್ಲ. ಆದರೂ 10 ಗ್ರಾಂ ಕಲಸಿ, ಏಕೆಂದರೆ ಕಡಿಮೆ ಕಲಸಿದಷ್ಟೂ ಅಳತೆಯ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಪ್ಯಾಕೆಟ್ಟಿನ ಮೇಲಿನ ಪ್ರಮಾಣ ತೂಕದ್ದೋ ಗಾತ್ರದ್ದೋ ನೋಡಿಕೊಳ್ಳಿ. ಗಾತ್ರದಲ್ಲಿ ಸಮಸಮ ಎಂದಿರುವ ಅಂಟು ತೂಕದಲ್ಲಿ ಸಮ ಇರಬೇಕೆಂದಿಲ್ಲ. ಹಾರ್ಡನರ್ (ಅಂಟನ್ನು ಗಟ್ಟಿ ಮಾಡುವ ಎರಡನೇ ಟ್ಯೂಬು) ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ; ಮಿಕ್ಕ ಹಾರ್ಡನರ್ ಒಳಗೇ ಉಳಿದು ಅಂಟು ಮೆತ್ತಗಾಗುತ್ತದೆ. ಬಟ್ಟಲಿನ ಬದಿ ಕೆರೆಯುತ್ತ ಪೂರ್ತಿ ಎರಡು ನಿಮಿಷ ಕಲಸಿ.

ಉಕ್ಕಿಗೂ ಮರಕ್ಕೂ ತೆಳುವಾಗಿ ಹಚ್ಚಿ, ಬಾಲದ ತೂತುಗಳನ್ನು ತುಂಬಿ. ಒಂದು ಪಟ್ಟಿಗೆ ಪಿನ್ನು ಕೂರಿಸಿ, ಅದರ ಮೇಲೆ ಬಾಲ, ಮೇಲೆ ಇನ್ನೊಂದು ಪಟ್ಟಿ ಇಳಿಸಿ. ಮೂರು ಕ್ಲ್ಯಾಂಪು ಹಾಕಿ, ಸುತ್ತಲೂ ಅಂಟಿನ ಸಣ್ಣ ಮಣಿಗಳು ಹೊರಬಂದೊಡನೆ ತಿರುಗಿಸುವುದನ್ನು ನಿಲ್ಲಿಸಿ. ಇನ್ನೂ ಬಿಗಿದರೆ ಅಂಟೆಲ್ಲ ಹೊರಗೆ ಹರಿದು ಒಳಗೆ ಏನೂ ಉಳಿಯುವುದಿಲ್ಲ.

ಮುಂತುದಿಯಲ್ಲಿ ಅಲಗಿನ ಮೇಲೆ ಹರಿದ ಅಂಟನ್ನು ಅಸಿಟೋನ್ ತಾಗಿಸಿದ ಹತ್ತಿಕಡ್ಡಿಯಿಂದ ತೆಗೆಯಿರಿ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ, ಅಂಟು ಇನ್ನೂ ಜಿನುಗುತ್ತಿರುತ್ತದೆ. ಆಮೇಲೆ 24 ಗಂಟೆ ಮುಟ್ಟಬೇಡಿ. ಚಳಿಯಿದ್ದರೆ ಎರಡು ದಿನ.

ಆಕಾರ, ಎಣ್ಣೆ

ಪಿನ್ನಿನ ತುದಿ ಗರಗಸದಲ್ಲಿ ತೆಗೆದು, ಅರದಿಂದ ಹಿಡಿಯನ್ನು ದುಂಡಗೆ ಮಾಡಿ. ಯಂತ್ರದಲ್ಲಿ ಉಜ್ಜುವವರು ಹಿತ್ತಾಳೆಯ ಮೇಲೆ ಆಗಾಗ ಬೆರಳಿಟ್ಟು ನೋಡಿ. ಬೆರಳಿಗೆ ತಡೆಯದಷ್ಟು ಬಿಸಿಯಾದರೆ ಪಿನ್ನಿನ ಸುತ್ತಲಿನ ಅಂಟು ಮೆತ್ತಗಾಗುತ್ತಿದೆ ಎಂದೇ ಅರ್ಥ. ಬೀಟೆಯ ಧೂಳು ಕೆಲವರಿಗೆ ತುರಿಕೆ ತರುತ್ತದೆ, ಮಾಸ್ಕ್ ಬೇಕೇ ಬೇಕು.

ಕೊನೆಗೆ ಅಗಸೆ ಎಣ್ಣೆ, ತೆಳುವಾಗಿ ಮೂರು ಸಲ, ಪ್ರತಿ ಸಲವೂ ಪೂರ್ತಿ ಒಣಗಲು ಬಿಟ್ಟು. ತೆಂಗಿನೆಣ್ಣೆ ಒಣಗದೆ ಅಂಟಂಟಾಗುತ್ತದೆ. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಕಾದು ಬೆಂಕಿ ಹತ್ತಿಕೊಳ್ಳುತ್ತದೆ. ಬಿಡಿಸಿ, ಹೊರಗೆ ಹರವಿ ಒಣಗಿಸಿ.

ಕಿತ್ತುಬಂದರೆ

ಅಂಟೆಲ್ಲ ಮರಕ್ಕೆ ಉಳಿದು ಉಕ್ಕು ಸ್ವಚ್ಛವಾಗಿದ್ದರೆ, ಉಕ್ಕಿನ ಮೇಲೆ ಜಿಡ್ಡಿತ್ತು ಅಥವಾ ಗೀರು ಸಾಲದು. ಅಂಟು ಉಕ್ಕಿಗೆ ಉಳಿದಿದ್ದರೆ ಮರದ ಜಿಡ್ಡೇ ಕಾರಣ. ಎರಡು ಕಡೆಯೂ ಹೆಚ್ಚುಕಡಿಮೆ ಬರಿದಾಗಿದ್ದರೆ ಕ್ಲ್ಯಾಂಪು ಬಿಗಿಯಾಯಿತು. ಉಗುರು ಊರುವಷ್ಟು ಮೆತ್ತಗಿದ್ದರೆ ಅಳತೆ ಅಥವಾ ಕಲಸಿದ್ದು ಸರಿಯಿಲ್ಲ.

ಒಂದೇ ಮಗ್ಗುಲು ಬಿಟ್ಟಿದ್ದರೂ ಎರಡನ್ನೂ ಬಿಚ್ಚಿ ಹೊಸದಾಗಿ ಮಾಡುವುದು ಲೇಸು. ಹಿಡಿಯನ್ನು ಕುದಿಯುವ ನೀರಿನಲ್ಲಿ ಕೆಲವು ನಿಮಿಷ ಇಟ್ಟರೆ ಎಪಾಕ್ಸಿ ಮೆದುವಾಗುತ್ತದೆ, ಪಿನ್ನುಗಳನ್ನು ತಟ್ಟಿ ಹೊರತೆಗೆದು ಪಟ್ಟಿ ಎಬ್ಬಿಸಬಹುದು. ಅಷ್ಟು ಬಿಸಿಗೆ ಅಲಗಿನ ಹದ ಕೆಡುವುದಿಲ್ಲ. ಹೊಸ ಹಿಡಿಯ ಚಾಕುವನ್ನು ಬಿಸಿನೀರಿನಲ್ಲಿ ನೆನೆಹಾಕಬಾರದು ಎನ್ನುವುದೂ ಇದೇ ಕಾರಣಕ್ಕೆ.